ಹತ್ತಡಿ ಕೋಣೆ, ತೂತಿಲ್ಲದ ಪೆಟ್ಟಿಗೆ

ಭಾಂಡುಪಿನ ನಮ್ಮ ಮನೆಯ ಹಾಲ್ ಹತ್ತಡಿ ಉದ್ದ, ಹತ್ತಡಿ ಅಗಲ. ಅದರಲ್ಲೇ ಸೋಫಾ, ಟೀವಿ, ಕಪಾಟು, ಮಗನ ಓದುವ ಮೇಜು. ಊರಲ್ಲಿ ನಮ್ಮ ಜಗಲಿಯೇ ಇದಕ್ಕಿಂತ ದೊಡ್ಡದಿತ್ತು ಅಂತ ಮುಂಬಯಿಗೆ ಬಂದ ಮೊದಲ ಐದು ವರ್ಷ ಹೇಳುತ್ತಿದ್ದೆ, ಆಮೇಲೆ ಬಿಟ್ಟೆ. ಇಂಥ ಕೋಣೆಯಲ್ಲಿ ತಬಲಾದ ಡಗ್ಗಾ ಎದೆಗೆ ತಾಗುವ ಹಾಗೆ ಕೇಳಬೇಕು ಅನ್ನುವುದು ದುರಾಸೆಯೇನೂ ಅಲ್ಲ. ಅದಕ್ಕೆ ನಾವು ಹಿಡಿಯುವ ದಾರಿ ಮಾತ್ರ ತಪ್ಪು. ನಾನೇ ತಪ್ಪು ಮಾಡಿ ಕಲಿತವನು, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಸ್ಪೀಕರ್ ಕಟ್ಟುವ ಹುಚ್ಚು ಹತ್ತಿತು. ಬಿಕಾಂ ಓದಿದವನಿಗೆ ಇದೆಲ್ಲ ಯಾಕೆ ಅಂತ ಹೆಂಡತಿ ಕೇಳಿದಳು. ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದೆ. (ಬೋರ್ಡಿನಲ್ಲಿ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಅಂತಿದೆ. ಹಾಗೆ ಕೇಳಿದರೆ ಟ್ಯಾಕ್ಸಿಯವನು ನಿಮ್ಮ ಮುಖ ನೋಡುತ್ತಾನೆ.) ಆರೂವರೆ ಇಂಚಿನ ಎರಡು ಡ್ರೈವರ್ ತಂದೆ. ಬಡಗಿಯಿಂದ 18 ಎಂ.ಎಂ. ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಸಿ, ಮುಂದುಗಡೆ ತೂತು ಕೊರೆಸಿ, ಪಿವಿಸಿ ಪೈಪಿನ ತುಂಡು ಕೂರಿಸಿದೆ. ಪೈಪನ್ನು ಕತ್ತರಿಸಿದ್ದು 55 ಹರ್ಟ್ಸ್‌ಗೆ ಹೊಂದುವ ಅಳತೆಗೆ.

ಮೊದಲ ದಿನ ಮನೆಯವರೆಲ್ಲ ಬೆರಗಾದರು. ಎರಡನೇ ದಿನ ಏನೋ ಸರಿಯಿಲ್ಲ ಅನ್ನಿಸಿತು. ಡಗ್ಗಾ, ತಂಬೂರಿಯ ಖರಜ, ಸಿನಿಮಾ ಹಾಡಿನ ಗಿಟಾರ್ ಎಲ್ಲವೂ ಒಂದೇ 'ಧುಮ್ಮ್'! ಮೂರನೇ ದಿನ ಸಂಜೆ ಪಕ್ಕದ ಮನೆಯ ಆಜಿ ಬಾಗಿಲಲ್ಲಿ ನಿಂತಿದ್ದರು. "ಭಿಂತ್ ಹಲತೆ ಹೋ" ಅಂದರು, ಗೋಡೆ ಅಲ್ಲಾಡುತ್ತಿದೆ ಅಂತ. ಒಳಗೆ ಅವರ ಯಜಮಾನರು ಆಪರೇಷನ್ ಆಗಿ ಮಲಗಿದ್ದರು. ಹದಿನೆಂಟು ವರ್ಷದಿಂದ ನಮ್ಮ ಮನೆಯ ಬೀಗದ ಕೈ ಇರುವುದು ಅವರ ಹತ್ತಿರ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ, ಅದು ನನಗೆ ಬರುವ ಕೆಲಸ. ಶಬ್ದದ ವೇಗ ಸೆಕೆಂಡಿಗೆ ಸುಮಾರು 344 ಮೀಟರ್. ಹತ್ತಡಿ ಅಂದರೆ 3.05 ಮೀಟರ್. ಎದುರುಬದುರು ಗೋಡೆಗಳ ನಡುವೆ ಹೋಗಿ ಬರುವ ದೂರ 6.1 ಮೀಟರ್. ಭಾಗಿಸಿ ನೋಡಿ, ಸುಮಾರು 56 ಬರುತ್ತದೆ. ಆ ಹರ್ಟ್ಸ್‌ನಲ್ಲಿ ಕೋಣೆ ತಾನೇ ಮೊಳಗುತ್ತದೆ. ಉದ್ದವೂ ಅಗಲವೂ ಒಂದೇ ಆದ್ದರಿಂದ ನಮ್ಮಲ್ಲಿ ಅದು ಇಮ್ಮಡಿ. ಕೋಣೆಯ ನಡುವೆ ನಿಂತರೆ ಆ ಸ್ವರ ಸೊರಗುತ್ತದೆ, ಗೋಡೆಗೆ ಒರಗಿದ ಸೋಫಾದಲ್ಲಿ ಕೂತರೆ ತುಂಬಿ ತುಳುಕುತ್ತದೆ. ಕೋಣೆ ಅರಚುವ ಜಾಗದಲ್ಲೇ ನಾನು ಪೈಪಿನಿಂದ ಇನ್ನಷ್ಟು ಊದಿದ್ದೆ!

ಅಮೆರಿಕದ ಕೆಎಲ್‌ಎಚ್ ಸ್ಪೀಕರ್ ಕಂಪನಿಯ ಹೆಸರಿನಲ್ಲಿರುವ 'ಎಚ್' ಆಂಟನ್ ಹಾಫ್ಮನ್ ಅವರದು. ಅವರ ಹೆಸರಿನಲ್ಲಿ ಒಂದು ನಿಯಮ ಓಡಾಡುತ್ತದೆ. ಸಣ್ಣ ಪೆಟ್ಟಿಗೆ, ಆಳದ ಬೇಸ್, ಕಡಿಮೆ ಕರೆಂಟಿನಲ್ಲಿ ಜೋರು ಸದ್ದು, ಈ ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ನನ್ನ ವಾದ ಇಷ್ಟೇ: ನಮ್ಮಂಥ ಮನೆಯವರು ಕಣ್ಣು ಮುಚ್ಚಿ ಮೂರನೆಯದನ್ನು ಬಿಟ್ಟುಬಿಡಬೇಕು. ಆರಡಿ ದೂರದಲ್ಲಿ ಕೂತು ಕೇಳುವವನಿಗೆ ಜೋರು ಯಾಕೆ ಸ್ವಾಮಿ?

ಹಾಗಾದರೆ ತೂತಿಲ್ಲದ ಪೆಟ್ಟಿಗೆಯೇ ಸರಿ. ಎಡ್ಗರ್ ವಿಲ್ಚರ್ 1954ರಲ್ಲಿ ಎಆರ್-1 ಎಂಬ ಸ್ಪೀಕರ್ ತಂದಾಗ ಒಳಗೆ ಸಿಕ್ಕಿಬಿದ್ದ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡಿದ್ದರು. ಮುಚ್ಚಿದ ಪೆಟ್ಟಿಗೆಯಲ್ಲಿ ಬೇಸ್ ಮೆಲ್ಲಗೆ ಇಳಿಯುತ್ತದೆ, ಒಂದು ಸಪ್ತಕಕ್ಕೆ 12 ಡೆಸಿಬೆಲ್. ಪೈಪಿನದು 24, ಅಂದರೆ ಪ್ರಪಾತ. ಇತ್ತ ಸಣ್ಣ ಕೋಣೆ 56ರ ಕೆಳಗೆ ಬೇಸನ್ನು ತಾನೇ ಸ್ವಲ್ಪ ಎತ್ತಿ ಕೊಡುತ್ತದೆ. ಬಾಗಿಲು ಕಿಟಕಿ ತೆರೆದಷ್ಟೂ ಅದು ಸೋರಿಹೋಗುತ್ತದೆ, ಆದರೂ ಸಣ್ಣ ಮನೆ ನಮಗೆ ಉಪಕಾರ ಮಾಡುವುದು ಇದೊಂದೇ ವಿಷಯದಲ್ಲಿ. ಬಿಡುವುದು ಯಾಕೆ?

ಡ್ರೈವರ್ ಕೊಳ್ಳುವಾಗ ಜಾತಕ ಕೇಳಿ. ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ ಮೂರು ಅಂಕಿ. ಥೀಲ್ ಮತ್ತು ಸ್ಮಾಲ್ ಎಂಬಿಬ್ಬರ ಪುಣ್ಯದಿಂದ ಈ ಮೂರರಿಂದಲೇ ಪೆಟ್ಟಿಗೆಯ ಗಾತ್ರ ಹೇಳಬಹುದು. ಕ್ರಮವಾಗಿ 45 ಹರ್ಟ್ಸ್, 0.4, 25 ಲೀಟರ್ ಇದ್ದರೆ ಪೆಟ್ಟಿಗೆ ಸುಮಾರು 12 ಲೀಟರ್. ಒಳ ಅಳತೆ 20, 20, 30 ಸೆಂಟಿಮೀಟರ್, ಅಷ್ಟೇ. ಅಂಕಿ ಕೊಡದೆ ವ್ಯಾಟ್ ಮಾತ್ರ ಹೇಳುವ ಅಂಗಡಿಯಿಂದ ನಮಸ್ಕಾರ ಹೇಳಿ ಹೊರಡಿ. ಹಿಂದೆ ಕಂಪ್ಯೂಟರ್ ಸ್ಪೀಕರಿನ ಡಬ್ಬಿಯ ಮೇಲೆ ಸಾವಿರ ವ್ಯಾಟ್ 'ಪಿಎಂಪಿಓ' ಅಂತ ಬರೆಯುತ್ತಿದ್ದರಲ್ಲ, ಅಂಥ ಬ್ಯಾಲೆನ್ಸ್ ಶೀಟ್ ತಂದವನಿಗೆ ನಾನಂತೂ ಸಾಲ ಕೊಡುವುದಿಲ್ಲ.

ಪುಕ್ಕಟೆ ಏನೂ ಇಲ್ಲ. ಬೇಸನ್ನು 6 ಡೆಸಿಬೆಲ್ ಎತ್ತಿದರೆ ಆಂಪ್ಲಿಫೈಯರ್ ನಾಲ್ಕು ಪಟ್ಟು ಶಕ್ತಿ ಕೊಡಬೇಕು. ಒಂದು ಸಪ್ತಕ ಕೆಳಗೆ ಅಷ್ಟೇ ಸದ್ದು ಬೇಕೆಂದರೆ ನಾಲ್ಕು ಪಟ್ಟು ಗಾಳಿ ತಳ್ಳಬೇಕು. ಓವರ್‌ಡ್ರಾಫ್ಟಿನ ಹಾಗೆ, ಮಿತಿಯಲ್ಲಿದ್ದರೆ ಅನುಕೂಲ, ಮೀರಿದರೆ ಕೋನ್ ಹರಿಯುತ್ತದೆ.

ಕಾನೂನು ನೋಡಿಕೊಳ್ಳುತ್ತದೆ ಅಂತ ನಂಬಬೇಡಿ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರ ನಂತರ 45 ಡೆಸಿಬೆಲ್ ಅಂತಿದೆ. ಆದರೆ ಅಳೆಯುವುದು 'ಎ' ಮಾಪನದಲ್ಲಿ, ಅದು 50 ಹರ್ಟ್ಸ್‌ನ ಸದ್ದನ್ನು 30 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ಮೀಟರಿಗೆ ನೀವು ಸಜ್ಜನರು, ಗೋಡೆಯಾಚೆ ಮಲಗಿದವರಿಗೆ ಅಲ್ಲ. ಮಾತನ್ನು ತಡೆಯುವ ಗೋಡೆ ಬೇಸನ್ನು ಅಷ್ಟಾಗಿ ತಡೆಯುವುದಿಲ್ಲ.

ನಾನು ಪೈಪ್ ಕಿತ್ತು, ತೂತಿಗೆ ಪ್ಲೈವುಡ್ ಬಿಲ್ಲೆ ಹಾಕಿ ಫೆವಿಕಾಲಿನಿಂದ ಮುಚ್ಚಿದೆ. ಹಳೇ ದಿಂಬಿನ ಪಾಲಿಯೆಸ್ಟರ್ ನಾರು ಒಳಗೆ ತುಂಬಿದೆ. ಕೋನನ್ನು ಮೆಲ್ಲಗೆ ಒತ್ತಿ ಬಿಟ್ಟರೆ ನಿಧಾನಕ್ಕೆ ಹಿಂದೆ ಬರಬೇಕು, ಥಟ್ಟನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ ಅಂತ ಅರ್ಥ. ನನ್ನದು ಸೋರುತ್ತಿತ್ತು, ಎರಡು ಸಲ ಬಿಚ್ಚಿದೆ. ಪೆಟ್ಟಿಗೆಗಳನ್ನು ಕಿಟಕಿಯ ಕಡೆ ಒಯ್ದು, ಅಡಿಗೆ ರಬ್ಬರ್ ಕೊಟ್ಟು, ಸೋಫಾವನ್ನು ಗೋಡೆಯಿಂದ ಎರಡಡಿ ಮುಂದೆ ತಂದೆ. ಓಡಾಡಲು ಜಾಗ ಕಡಿಮೆಯಾಯಿತು ಅಂತ ಹೆಂಡತಿಯ ತಕರಾರು, ಅದು ನ್ಯಾಯವೇ.

ಆಮೇಲೆ ಭೀಮಸೇನ ಜೋಶಿಯವರನ್ನು ಹಚ್ಚಿದೆ. ಖರಜ ಬೇರೆ, ಡಗ್ಗಾ ಬೇರೆ ಕೇಳಿಸಿತು. ಹಾಡು ನಿಲ್ಲಿಸದೆ ಪಕ್ಕದ ಮನೆಗೆ ಹೋಗಿ ಆಜಿಯನ್ನು ಕೇಳಿದೆ. ಅವರು ಗೋಡೆಗೆ ಅಂಗೈ ಒತ್ತಿ ನೋಡಿ, ಏನೂ ಇಲ್ಲ, ಕೂತುಕೋ, ಚಹಾ ಮಾಡುತ್ತೇನೆ ಅಂದರು. ಮಗನಿಗೆ ಮಾತ್ರ ಈ ಬೇಸ್ ಸಾಲದಂತೆ. ಹೆಡ್‌ಫೋನ್ ಹಾಕ್ಕೋ ಅಂದಿದ್ದೇನೆ.