ಬೇಟೆಗಾರನಿಗೆ ಕನ್ನಡ ಬರೋದಿಲ್ಲ, ಸರಿ. ನಿಮಗೇನಾಗಿದೆ?

ಕನ್ನಡದ ಹುಡುಗರೇ, ಹುಡುಗಿಯರೇ, ಮೊದಲು ನಾನು ಕೇಳಿಸಿಕೊಂಡದ್ದನ್ನು ಹೇಳುತ್ತೇನೆ. ಬಯ್ಯುವುದು ಆಮೇಲೆ.

ರಾಮನಗರದ ನನ್ನ ಪ್ರೆಸ್ಸಿನ ಹಿಂದೆ ಕಾಗದದ ರೀಮು ಇಡುವ ಒಂದು ಕೋಣೆ ಇದೆ. ಮಾಗಡಿಯಿಂದ ಕಾಲೇಜಿಗೆಂದು ಬಂದಿರುವ ನನ್ನ ಅಕ್ಕನ ಮಗ ರಾತ್ರಿ ಹತ್ತರ ಮೇಲೆ ಅಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾನೆ. ಕಿವಿಗೆ ಹೆಡ್‌ಫೋನ್, ಬಾಯಿ ಮುಂದೆ ಮೈಕು. ಅವನ ಜೊತೆಗೆ ಅವರವರ ಮನೆಯಿಂದಲೇ ಆಡುವವರು ಇನ್ನು ಮೂವರು: ಚನ್ನಪಟ್ಟಣದವನೊಬ್ಬ, ಕನಕಪುರದವನೊಬ್ಬ, ನಮ್ಮೂರಿನ ರೇಷ್ಮೆ ರೀಲರ್ ಮನೆಯ ಹುಡುಗ ಒಬ್ಬ. ಈ ಕೊನೆಯವನ ಮನೆಮಾತು ಉರ್ದು. ನಾಲ್ವರಲ್ಲಿ ಅಚ್ಚುಕಟ್ಟಾದ ಕನ್ನಡ ಆಡುವವನೂ ಅವನೇ!

ಅವರು ಆಡುವುದು 'ಪ್ರೆಡೇಟರ್: ಹಂಟಿಂಗ್ ಗ್ರೌಂಡ್ಸ್'. 1987ರಲ್ಲಿ ಅರ್ನಾಲ್ಡ್ ಶ್ವಾರ್ಜೆನೆಗರ್ ನಟಿಸಿದ 'ಪ್ರೆಡೇಟರ್' ಸಿನಿಮಾ ಬಂತಲ್ಲ, ಅದರ ಬೆನ್ನಿಗೆ ಸಾಲುಸಾಲು ಸಿನಿಮಾ ಬಂದವಲ್ಲ, ಅದೇ ಕಥೆಯ ಮೇಲೆ ಇಲ್‌ಫೋನಿಕ್ ಎಂಬ ಅಮೆರಿಕದ ಕಂಪನಿ ಮಾಡಿ 2020ರ ಏಪ್ರಿಲ್‌ನಲ್ಲಿ ಹೊರತಂದ ವಿಡಿಯೋ ಗೇಮ್. ಒಂದು ಕಡೆ ಬಂದೂಕು ಹಿಡಿದ ನಾಲ್ವರು ಸೈನಿಕರು. ಇನ್ನೊಂದು ಕಡೆ ಬೇರೆ ಲೋಕದ ಬೇಟೆಗಾರ ಒಬ್ಬನೇ. ಅವನನ್ನೂ ಎಲ್ಲೋ ಕೂತ ಮನುಷ್ಯನೇ ಆಡಿಸುತ್ತಾನೆ. ಬೇಕೆಂತಲೇ ಸಮಬಲ ಇಡದ ಆಟ ಇದು. ಬೇಟೆಗಾರ ಕಣ್ಣಿಗೆ ಕಾಣದ ಹಾಗೆ ಮಾಯವಾಗುತ್ತಾನೆ, ಮರದಿಂದ ಮರಕ್ಕೆ ಹಾರುತ್ತಾನೆ, ಮೈಯ ಶಾಖ ನೋಡಿಯೇ ಸೈನಿಕರನ್ನು ಪತ್ತೆ ಹಚ್ಚುತ್ತಾನೆ. ಮೈಗೆ ಕೆಸರು ಬಳಿದುಕೊಂಡರೆ ಸ್ವಲ್ಪ ಹೊತ್ತು ಬಚಾವು. (ನಮ್ಮ ರಾಮನಗರದಲ್ಲಿ 'ಮಣ್ಣಿನ ಮಗ' ಎಂದರೆ ಬೇರೆಯೇ ನೆನಪು, ಅದಿರಲಿ.)

ಅವನಿಗಿಲ್ಲದ ಒಂದೇ ಆಯುಧ ಈ ನಾಲ್ವರ ಕೈಲಿದೆ. ಅದು ಮಾತು. ಎಲ್ಲಿದ್ದಾನೆ, ಯಾವ ಕಡೆಯಿಂದ ಬಂದ, ಯಾರಿಗೆ ಏಟು ಬಿತ್ತು, ಅರೆಗಳಿಗೆಯಲ್ಲಿ ಹೇಳಬೇಕು, ಅರೆಗಳಿಗೆಯಲ್ಲಿ ಉಳಿದ ಮೂವರಿಗೆ ತಿಳಿಯಬೇಕು.

ಈಗ ಕೇಳಿ ನಾಚಿಕೆಗೇಡು! ಆಟ ಶುರುವಾಗುವ ತನಕ ನಾಲ್ವರೂ ಸೊಗಸಾದ ಕನ್ನಡದಲ್ಲಿ ಹರಟುತ್ತಾರೆ. ಶುರುವಾದ ಕೂಡಲೇ "ಭಾಯ್, ಪೀಛೆ ದೇಖ್!", "ಉಪರ್ ಹೈ ಭಾಯ್, ಲೆಫ್ಟ್ ಮೆ!" ಯಾರಿಗಪ್ಪಾ ಹಿಂದಿ? ತಂಡದಲ್ಲಿ ಹಿಂದಿಯವನು ಒಬ್ಬನೂ ಇಲ್ಲ! ಯೂಟ್ಯೂಬಿನಲ್ಲಿ ಇವರು ನೋಡುವ ಆಟಗಾರರು ಹಾಗೆ ಕೂಗುತ್ತಾರೆ, ಇವರೂ ಹಾಗೇ ಕೂಗುತ್ತಾರೆ. ಆ ಸಿನಿಮಾದಲ್ಲಿ ಬೇಟೆಗಾರ ಏನು ಮಾಡುತ್ತಾನೆ ನೆನಪಿದೆಯೇ? ಮನುಷ್ಯರ ಮಾತನ್ನು ಕದ್ದು ಕೇಳಿ ಅದೇ ದನಿಯಲ್ಲಿ ಒಪ್ಪಿಸುತ್ತಾನೆ. ನಮ್ಮ ಹುಡುಗರು ಸೈನಿಕರಾಗಿ ಕೂತು ಬೇಟೆಗಾರನ ಕೆಲಸ ಮಾಡುತ್ತಿದ್ದಾರೆ.

ನನ್ನ ಅಳಿಯನಿಗೆ ಹಿಂದಿ ಅಷ್ಟಕ್ಕಷ್ಟೆ. "ಹಾಂ ಹಾಂ" ಅನ್ನುತ್ತಾ ಬೇಟೆಗಾರ ಇದ್ದ ಕಡೆಗೇ ಓಡಿದ, ಸತ್ತ. ಒಂದು ರಾತ್ರಿಯಲ್ಲ, ಎಷ್ಟೋ ರಾತ್ರಿ. ಕೊನೆಗೊಂದು ದಿನ ಗಾಬರಿಯಲ್ಲಿ ಕಿರುಚಿಕೊಂಡ: "ಬಲಗಡೆ ಮರದ ಮ್ಯಾಲವ್ನೆ ಕಣ್ರಲಾ!" ಮೂರು ಬಂದೂಕೂ ಒಟ್ಟಿಗೆ ತಿರುಗಿದವು. ಗೆದ್ದರೇ? ಇಲ್ಲ. ಆದರೆ ಇಬ್ಬರು ಹೆಲಿಕಾಪ್ಟರ್ ಹತ್ತಿ ಪಾರಾದರು.

ಇನ್ನು ಬಯ್ಯುವುದು. ಹುಡುಗರನ್ನಲ್ಲ, ನಮ್ಮನ್ನೇ.

ಅರವತ್ತರ ದಶಕದಲ್ಲಿ ಡಬ್ಬಿಂಗ್ ಬೇಡವೆಂದು ಅ.ನ.ಕೃ. ಅಂಥವರು ದನಿಯೆತ್ತಿದಾಗ ಕಾರಣವಿತ್ತು. ಕನ್ನಡ ಚಿತ್ರರಂಗ ಮದರಾಸಿನ ಸ್ಟುಡಿಯೋಗಳ ಹಂಗಿನಲ್ಲಿತ್ತು. ಆದರೆ ಗಾಯ ವಾಸಿಯಾದ ಮೇಲೂ ನಾವು ಪಟ್ಟಿ ಬಿಚ್ಚಲಿಲ್ಲ. 2014ರ ಜನವರಿಯಲ್ಲಿ ಡಬ್ಬಿಂಗ್ ವಿರುದ್ಧ ಬಂದ್ ನಡೆದಾಗ ವಾಲ್‌ಪೋಸ್ಟರ್ ಅಚ್ಚು ಹಾಕಿದವರಲ್ಲಿ ನಾನೂ ಒಬ್ಬ. ಅರ್ಧ ದುಡ್ಡಿಗೆ, ಅರ್ಧ ಅಭಿಮಾನಕ್ಕೆ. 2015ರಲ್ಲಿ ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದಾಗ ಆಯೋಗಕ್ಕೆ ಶಾಪ ಹಾಕಿದವನೂ ನಾನೇ. ಹಾಲಿವುಡ್ಡಿನ ರಾಕ್ಷಸರು ತಮಿಳು, ತೆಲುಗು ಮಕ್ಕಳ ಎದುರು ಅವರದೇ ನುಡಿಯಲ್ಲಿ ಗರ್ಜಿಸಿದರು. ನಮ್ಮ ಮಕ್ಕಳು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೆದರಿದರು. ಹೆದರಿಕೆಗೇ ಕನ್ನಡ ಕೊಡದ ನಾವು, ಈಗ ಮೈಕಿನಲ್ಲಿ ಕನ್ನಡ ಏಕಿಲ್ಲ ಎಂದು ಕೇಳುವ ಮುಖ ಎಲ್ಲಿಟ್ಟುಕೊಳ್ಳುವುದು?

ರಾಮನಗರದವರಿಗೆ ಇದು ಹೊಸದಲ್ಲ. 1973ರಲ್ಲಿ ರಮೇಶ್ ಸಿಪ್ಪಿ ನಮ್ಮ ರಾಮದೇವರ ಬೆಟ್ಟದ ತಪ್ಪಲಲ್ಲಿ ಸೆಟ್ ಹಾಕಿ ಅದನ್ನು 'ರಾಮ್‌ಗಢ' ಮಾಡಿದರು. 1975ರಲ್ಲಿ 'ಶೋಲೆ' ಬಂತು. ಬಂಡೆ ನಮ್ಮದು, ಮಾತು ಅವರದು. (2025ರಲ್ಲಿ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಾಯಿಸಿದರು, ಅದು ಇನ್ನೊಂದು ಸಂಕಟ.) ಈ ಆಟದಲ್ಲಿ ಲೆಕ್ಕ ತಿರುಗುಮುರುಗು. ಕಾಡು ಅವರದು, ಮಾತಾದರೂ ನಿಮ್ಮದಾಗಬಹುದಿತ್ತು!

ಆಟದೊಳಗಿನ ಬರಹವೂ ಕನ್ನಡದಲ್ಲಿ ಬೇಕು ಎಂದು ಕೇಳಿ. ನಕ್ಕಾರು, ನಗಲಿ. ಗೇಮ್ ಮಾರುವ ದೊಡ್ಡ ಮಳಿಗೆ 'ಸ್ಟೀಮ್'ನ ಪರದೆಯನ್ನು ಡೇನಿಶ್‌ನಲ್ಲಿ ಓದಬಹುದು, ಫಿನ್ನಿಶ್‌ನಲ್ಲಿ ಓದಬಹುದು. ಆ ಎರಡು ದೇಶಗಳ ಜನ ಸೇರಿದರೂ ಒಂದೂಕಾಲು ಕೋಟಿ ದಾಟುವುದಿಲ್ಲ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಕನ್ನಡ ಅಲ್ಲಿಲ್ಲ. ಅವರು ಕೇಳಿದರು, ನಾವು ಕೇಳಲಿಲ್ಲ.

ಗೇಮಿನಲ್ಲಿ ಕನ್ನಡದ ಒತ್ತಕ್ಷರ ಒಡೆದುಹೋಗುತ್ತದೆ ಎಂದು ನೆಪ ಹೇಳುವವರಿದ್ದಾರೆ. ಮೊಳೆ ಜೋಡಿಸಿದ ಮನೆಯವನಿಗೆ ಈ ಕಥೆ ಹೇಳಬೇಡಿ. ನಮ್ಮಪ್ಪನ ಟ್ರೆಡಲ್ ಮೆಷಿನ್ ಹೋಗಿ ಡಿ.ಟಿ.ಪಿ. ಬಂದಾಗಲೂ "ಕನ್ನಡ ಇದರಲ್ಲಿ ಕೂರಲ್ಲ" ಅಂದವರಿದ್ದರು. ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟರು. 1998ರಲ್ಲಿ ಶೇಷಾದ್ರಿವಾಸು 'ಬರಹ' ಕೊಟ್ಟರು. ಗಣಕ ಪರಿಷತ್ತು 'ನುಡಿ' ತಂದಿತು. ಕೂತಿತಲ್ಲ? ಇನ್ನು ಗೇಮ್ ಮಾಡುವವರೇನು ಚಂದ್ರಲೋಕದಲ್ಲಿದ್ದಾರೆಯೇ? ದೇಶದ ಮೊದಲ ಗೇಮ್ ಕಂಪನಿಗಳಲ್ಲೊಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. 2019ರಲ್ಲಿ ಅದನ್ನು ಕೊಂಡುಕೊಂಡದ್ದು ರಾಕ್‌ಸ್ಟಾರ್. ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ.

ಒಂದು ಎಚ್ಚರಿಕೆ. ಕನ್ನಡ ಎಂದ ಕೂಡಲೇ ಪಂಡಿತರನ್ನು ಕರೆಯಬೇಡಿ. 'ರಿಲೋಡ್'ಗೆ 'ಪುನರ್ಭರಣ' ಎಂದು ಕೂಗುವಷ್ಟರಲ್ಲಿ ತಲೆ ಹೋಗಿರುತ್ತದೆ. ರಿಲೋಡ್ ರಿಲೋಡೇ ಇರಲಿ. ಬಲ, ಎಡ, ಮೇಲೆ, ಹಿಂದೆ, ಓಡು, ಅಡಗು, ಇಷ್ಟು ಕನ್ನಡದಲ್ಲಿ ಬಂದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ನಮ್ಮ ನಾಲ್ವರು ಈಗ ಹಾಗೇ ಆಡುತ್ತಿದ್ದಾರೆ, ಪದಗಳ ಒಂದು ಪಟ್ಟಿಯನ್ನೂ ಬರೆದಿಟ್ಟಿದ್ದಾರೆ. ಅದನ್ನು ಕರಪತ್ರವಾಗಿ ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ಒಂದೇ ತಕರಾರು ಉಳಿದಿದೆ. ಏಟು ಬಿದ್ದು ಕುಸಿದವನನ್ನು ಬದುಕಿಸುವುದಕ್ಕೆ ಕನಕಪುರದವನು 'ಎಬ್ಬಿಸು' ಅನ್ನುತ್ತಾನೆ, ನನ್ನ ಅಳಿಯ 'ಎತ್ತು' ಅನ್ನುತ್ತಾನೆ. ಮೂರು ರಾತ್ರಿಯಿಂದ ಜಗಳ ನಡೆದಿದೆ. ನಿಮ್ಮ ಕಡೆ ಏನನ್ನುತ್ತೀರಿ, ಪತ್ರಿಕೆಗೆ ಬರೆದು ಕಳಿಸಿ.