ಬಂದರೂ ಬೆಳೆಯಲಿ, ದಡವೂ ಉಳಿಯಲಿ

ನಮ್ಮೂರು ಸೊರಬ ತಾಲ್ಲೂಕಿನ ಗುಡವಿ. ಮಳೆಗಾಲ ಬಂತೆಂದರೆ ಕೆರೆಯೊಳಗಿನ ಮರಗಳ ಮೇಲೆ ನೂರಾರು ಹಕ್ಕಿಗಳು ಗೂಡು ಕಟ್ಟುತ್ತವೆ. ಅವಕ್ಕೆ ಬೇಕಾದದ್ದು ನಿಂತ ನೀರು ಮತ್ತು ಆಸರೆ. ಕಳೆದ ರಜೆಯಲ್ಲಿ ಸ್ನೇಹಿತರೊಂದಿಗೆ ಕಾರವಾರದ ಬೈತಖೋಲ್‌ಗೆ ಹೋದಾಗ, ದೋಣಿಗಳಿಗೂ ಬೇಕಾದದ್ದು ಅಷ್ಟೇ ಅನಿಸಿತು. ಒಂದು ಕಡೆ ಸಮುದ್ರಕ್ಕೆ ಚಾಚಿದ ಗುಡ್ಡ, ಎದುರಿಗೆ ದ್ವೀಪಗಳು. ನಡುವೆ ಪ್ರಕೃತಿಯೇ ಮಾಡಿಕೊಟ್ಟ ಪುಟ್ಟ ಬಂದರು.

ಹದಿನೇಳನೇ ಶತಮಾನದಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕಾಳುಮೆಣಸಿಗಾಗಿ ಕಾರವಾರಕ್ಕೆ ಬಂದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್‌ನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಲಾಯಿತು. ಧಾರವಾಡದ ಹತ್ತಿಯನ್ನು ಕಾರವಾರದಿಂದ ಸಾಗಿಸುವ ಆಸೆ ಅದರ ಹಿಂದಿತ್ತು. ಆದರೆ 1880ರ ದಶಕದಲ್ಲಿ ರೈಲು ಹೋದದ್ದು ಗೋವಾದ ಮರ್ಮಗೋವಾಕ್ಕೆ. ಹತ್ತಿಯೂ ಅತ್ತ ಹೊರಟಿತು. ಒಳ್ಳೆಯ ಬಂದರಿದ್ದರಷ್ಟೇ ಸಾಲದು, ಅದರ ಹಿಂದೆ ದಾರಿಯೂ ಇರಬೇಕು ಎಂಬ ಪಾಠ ಇದು.

1883ರಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದ ರವೀಂದ್ರನಾಥ ಟ್ಯಾಗೋರರು ಈ ಕಡಲನ್ನು ಮೆಚ್ಚಿ ಬರೆದರು. ಇಂದು ಅವರ ಹೆಸರಿನ ಕಡಲತೀರವೇ ಊರಿನ ಸಂಜೆಯ ತಾಣ. ಅಲ್ಲೇ ಯುದ್ಧನೌಕೆಯ ವಸ್ತುಸಂಗ್ರಹಾಲಯವಿದೆ, ಮಕ್ಕಳ ಆಟವಿದೆ, ಮೀನುಗಾರರ ದೋಣಿಗಳೂ ಇವೆ.

ಸಮಸ್ಯೆ ಇರುವುದೂ ಇಲ್ಲೇ. ಸಾಗರಮಾಲಾ ಯೋಜನೆಯಡಿ ಬಂದರು ವಿಸ್ತರಣೆಗೆ ಅಲೆತಡೆಗೋಡೆ ಕಟ್ಟಲು ಹೊರಟಾಗ, 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದರು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಸೀಬರ್ಡ್ ನೌಕಾನೆಲೆಗಾಗಿ ಈಗಾಗಲೇ ಊರು, ದಡ ಬಿಟ್ಟುಕೊಟ್ಟವರ ಪೈಕಿ ಮೀನುಗಾರರೂ ಇದ್ದಾರೆ. ದಡದಿಂದಲೇ ಬಲೆ ಎಳೆಯುವವರಿಗೆ ಮರಳಿನ ತೀರವೇ ಹೊಲ.

ಎಂಜಿನಿಯರಿಂಗ್ ಓದುತ್ತಿರುವ ನಾನು ಬಂದರು ಬೇಡ ಎನ್ನಲಾರೆ. ಉದ್ಯೋಗಕ್ಕಾಗಿ ಊರು ಬಿಡುವ ನಮ್ಮಂಥವರಿಗೆ ಕೆಲಸ ಬೇಕು. ಆದರೆ ಸಮುದ್ರಕ್ಕೆ ಗೋಡೆ ಹಾಕಿದರೆ ದಡದುದ್ದಕ್ಕೂ ಸಾಗುವ ಮರಳಿನ ಹಾದಿ ಬದಲಾಗುತ್ತದೆ. ಒಂದು ಕಡೆ ಮರಳು ತುಂಬಿ, ಇನ್ನೊಂದು ಕಡೆ ಕೊರೆತ ಶುರುವಾಗಬಹುದು. ನಕ್ಷೆಯಲ್ಲಿ ಅದು ಒಂದು ಗೆರೆ, ದಡದಲ್ಲಿ ಒಂದು ಕುಟುಂಬದ ಊಟ.

ಆದ್ದರಿಂದ ಗೆರೆ ಎಳೆಯುವ ಮೊದಲು ಮಳೆಗಾಲವೂ ಸೇರಿ ಇಡೀ ವರ್ಷದ ಅಧ್ಯಯನ ನಡೆಯಲಿ. ವರದಿ ಕನ್ನಡ, ಕೊಂಕಣಿಯಲ್ಲಿ ಮೀನುಗಾರರ ಕೈಸೇರಲಿ. ದೋಣಿ ನಿಲ್ಲಿಸುವ, ಬಲೆ ಎಳೆಯುವ ಜಾಗ ಮೊದಲೇ ಗುರುತಾಗಲಿ. ನಮ್ಮ ಕೆರೆಗೆ ಹಕ್ಕಿಗಳು ಪ್ರತಿ ವರ್ಷ ಮರಳಿ ಬರುವುದು ಆಸರೆ ಉಳಿದಿರುವುದರಿಂದ. ಬಂದರು ಬೆಳೆದ ಮೇಲೂ ಸಣ್ಣ ದೋಣಿಗೆ ಅಲ್ಲಿ ಜಾಗ ಇರಬೇಕು.