ಹಿತ್ತಲಿನಲ್ಲೊಂದು ರೇಸ್ ಕಾರು



ಹಡಗಲಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಾರುತಿ ಎಸ್ಟೀಮ್ ಕಾರೊಂದನ್ನು ಗುಜರಿ ಬೆಲೆಗೆ ಕೊಂಡು, ಮನೆಯ ಹಿತ್ತಲಿನಲ್ಲಿಯೇ ಅದನ್ನು ರೇಸ್ ಕಾರನ್ನಾಗಿ ಮಾರ್ಪಡಿಸುತ್ತಿದ್ದಾನೆ. "ನೀವಾದರೂ ಬುದ್ಧಿ ಹೇಳಿ ಮೇಷ್ಟ್ರೇ" ಎಂದು ಅವನ ತಂದೆಯವರು ಕೇಳಿಕೊಂಡಿದ್ದಾರೆ. ಕೆಲಸವನ್ನೇ ಕೈಬಿಡೆಂದು ನಾನು ಹೇಳಲಾರೆ. ನನ್ನ ತಕರಾರಿರುವುದು ಅವನು ಹಿಡಿದಿರುವ ಕ್ರಮದ ಬಗ್ಗೆ: ಮೊದಲು ಎಂಜಿನ್ನಿನ ಶಕ್ತಿ ಹೆಚ್ಚಿಸುವುದಂತೆ, ಉಳಿದದ್ದು ಹಣ ಕೂಡಿದಾಗ!

ಈ ಹವ್ಯಾಸವನ್ನು ಪೋಲಿತನವೆಂದು ತಳ್ಳಿಹಾಕುವವರು ಚರಿತ್ರೆಯನ್ನು ನೋಡಬೇಕು. ಮದರಾಸಿನ ಬಳಿಯ ಶೋಳಾವರಂನಲ್ಲಿ, ಯುದ್ಧಕಾಲದ ವಿಮಾನಪಟ್ಟಿಯ ಮೇಲೆ, ಫಿಯೆಟ್ಟಿನಂಥ ಸಂಸಾರಸ್ಥರ ಕಾರುಗಳೇ ರೂಪಾಂತರಗೊಂಡು ಓಡಿದವು. ಕೊಯಮತ್ತೂರಿನ ಕರಿವರ್ಧನ್ ಅವರು 1988ರಲ್ಲಿ ಮಾರುತಿ 800ರ ಎಂಜಿನ್ನನ್ನೇ ಬಳಸಿ 'ಫಾರ್ಮುಲಾ ಮಾರುತಿ' ಎಂಬ ಏಕಾಸನದ ಕಾರನ್ನು ರೂಪಿಸಿದರು. 2005ರಲ್ಲಿ ಫಾರ್ಮುಲಾ ಒನ್ ತಲುಪಿದ ನರೈನ್ ಕಾರ್ತಿಕೇಯನ್ ಆರಂಭದ ದಿನಗಳಲ್ಲಿ ಓಡಿಸಿದ್ದು ಇಂಥ ಕಾರನ್ನೇ. ಎಸ್ಟೀಮ್‌ನ 1298 ಸಿ.ಸಿ. ಎಂಜಿನ್ ಕೂಡ ನಮ್ಮ ರ‍್ಯಾಲಿಗಳಲ್ಲಿ ಹೆಸರು ಮಾಡಿದ್ದೇ.

ಆದರೆ ಒಂಬತ್ತನೆಯ ತರಗತಿಯ ಪಾಠವನ್ನು ನೆನಪಿಸಿಕೊಳ್ಳಿ. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಗಂಟೆಗೆ 60 ಕಿ.ಮೀ.ನಿಂದ 120ಕ್ಕೇರಿದ ಕಾರನ್ನು ನಿಲ್ಲಿಸುವಾಗ ಬ್ರೇಕುಗಳು ನುಂಗಬೇಕಾದ ಶಾಖವೂ ನಾಲ್ಕರಷ್ಟು. ಹಳೆಯ ಬ್ರೇಕ್ ದ್ರವವು ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ. ಬಿಸಿಗೆ ಕುದಿದು ಆವಿಯಾದರೆ, ಆವಿ ಅದುಮಿಕೊಳ್ಳುತ್ತದೆಯೇ ಹೊರತು ಒತ್ತಡವನ್ನು ಗಾಲಿಗೆ ಮುಟ್ಟಿಸುವುದಿಲ್ಲ. ಪೆಡಲು ಪಾದದಡಿ ಹತ್ತಿಯಂತೆ ಕುಸಿಯುತ್ತದೆ.

ಕೊಟ್ಟೂರಿನ ತೇರಿನಲ್ಲಿ ಎಲ್ಲರ ಕಣ್ಣು ಹಗ್ಗ ಎಳೆಯುವವರ ಮೇಲಿರುತ್ತದೆ. ಗಾಲಿಗೆ ಮರದ ತುಂಡು ಕೊಟ್ಟು ತೇರನ್ನು ಹಿಡಿತದಲ್ಲಿಡುವವರನ್ನು ಗಮನಿಸುವವರು ಕಡಿಮೆ. 2017ರಲ್ಲಿ ಅದೇ ತೇರು ಉರುಳಿ ಜನ ಗಾಯಗೊಂಡದ್ದನ್ನು ನಮ್ಮ ಸೀಮೆಯವರು ಮರೆತಿಲ್ಲ.

ಇನ್ನು ಪಂಜರದ ವಿಷಯ. ಕಾರು ಪಲ್ಟಿಯಾದಾಗ ಚಾಲಕನ ತಲೆ ಉಳಿಯುವುದು ಒಳಗಿನ ಉಕ್ಕಿನ ಪಂಜರದಿಂದ. ಅಂತರರಾಷ್ಟ್ರೀಯ ನಿಯಮದಂತೆ ಮುಖ್ಯ ಕಮಾನಿಗೆ ಬೆಸುಗೆಗೆರೆಯಿಲ್ಲದ, 45 ಮಿ.ಮೀ. ವ್ಯಾಸದ, 2.5 ಮಿ.ಮೀ. ದಪ್ಪದ ಕೊಳವೆ ಬಳಸಬಹುದು. ನಮ್ಮ ಹುಡುಗ ತಂದಿರುವುದು ಬೋರ್‌ವೆಲ್ಲಿನಲ್ಲಿ ಉಳಿದ ಜಿ.ಐ. ಪೈಪು! ಅದು ನೀರಿಗೆ ಮಾಡಿದ್ದು. ವೆಲ್ಡಿಂಗ್ ಮಾಡುವಾಗ ಅದರ ಸತುವಿನ ಲೇಪನದಿಂದೇಳುವ ಹೊಗೆಯೂ ಆರೋಗ್ಯಕ್ಕೆ ಕೆಟ್ಟದ್ದು. ಮೊದಲು ಪಂಜರ, ಆಮೇಲೆ ಬ್ರೇಕು, ಎಂಜಿನ್ ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ಹಿಂದಿನ ಸೀಟು, ಒಳಹೊದಿಕೆ ಕಿತ್ತು ಭಾರ ಇಳಿಸಲಿ; ಅದಕ್ಕೆ ಕಾಸೂ ಬೇಡ.

ಅವನ ತಂದೆಯವರಿಗೂ ಒಂದು ಮಾತು. ನಿಮ್ಮ ಭಯ ರಸ್ತೆಯ ಬಗೆಗಾದರೆ ಅದು ನ್ಯಾಯವೇ. ಕೂಡ್ಲಿಗಿಯ ಹೆದ್ದಾರಿಯಲ್ಲಿ ರಾತ್ರಿ 'ಟೆಸ್ಟ್' ಮಾಡುವುದನ್ನು ನಾನು ಒಪ್ಪುವುದಿಲ್ಲ. ತಯಾರಕರ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸಬಾರದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆಯೂ ಸಾಧ್ಯ. ಕಾರನ್ನು ಲಾರಿಗೆ ಹೇರಿ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಒಯ್ದು, ಅಲ್ಲಿಯವರ ತಪಾಸಣೆಗೆ ಒಡ್ಡಲಿ. ಎಂಜಿನ್ನಿಗೆಂದು ಕೂಡಿಟ್ಟ ಹಣದಲ್ಲಿ ಲಾರಿ ಬಾಡಿಗೆಯನ್ನು ಈಗಲೇ ತೆಗೆದಿಡಿಸಿ.